ಬ್ರಿಟನ್ನಿನ ಬೇಸಿಗೆ, ರೇನ್‌ಕೋಟು ಸಮೇತ

ಬ್ರಿಟನ್ನಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಬೇಸಿಗೆ ಎಂದು ಕ್ಯಾಲೆಂಡರ್ ಹೇಳುತ್ತದೆ. ಆಕಾಶ ಅದಕ್ಕೆ ತಲೆಯಾಡಿಸುವುದು ಅಪರೂಪ. ಆದರೂ ಬಿಸಿಲಿನ ಸುಳಿವು ಸಿಕ್ಕಿದ್ದೇ ತಡ, ಜನ ಟೆಂಟು, ಒಲೆ, ಚಹಾ ಕೆಟಲ್‌ಗಳನ್ನು ಕಾರಿಗೆ ತುಂಬಿ ಹೊರಟುಬಿಡುತ್ತಾರೆ. ರೇನ್‌ಕೋಟು ಮಾತ್ರ ಕೈಗೆಟುಕುವಂತೆ ಎಲ್ಲದರ ಮೇಲಿರುತ್ತದೆ.

ನಡೆಯುವವರಿಗೆ ಅಲ್ಲಿ ದಾರಿಗಳ ಬರವಿಲ್ಲ. 1965ರಲ್ಲಿ ಉದ್ಘಾಟನೆಯಾದ ಪೆನೈನ್ ವೇ, ಡರ್ಬಿಶೈರಿನ ಈಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟ್‌ಹಾಮ್‌ವರೆಗೆ ಸುಮಾರು 430 ಕಿ.ಮೀ. ಉದ್ದವಿದೆ. ಕೆಸರಿನ ಕಾಟ ಎಷ್ಟಿತ್ತೆಂದರೆ, ಹಳೆಯ ಗಿರಣಿಗಳ ಕಲ್ಲುಚಪ್ಪಡಿಗಳನ್ನು ತಂದು ಹಾಸಬೇಕಾಯಿತು. ಆಲ್ಫ್ರೆಡ್ ವೇನ್‌ರೈಟ್ 1973ರಲ್ಲಿ ಪುಸ್ತಕ ಬರೆದು ಪರಿಚಯಿಸಿದ ಕೋಸ್ಟ್ ಟು ಕೋಸ್ಟ್ ಹಾದಿ ಪಶ್ಚಿಮದ ಸೇಂಟ್ ಬೀಸ್‌ನಿಂದ ಪೂರ್ವದ ರಾಬಿನ್ ಹುಡ್ಸ್ ಬೇವರೆಗೆ ಸಾಗುತ್ತದೆ. ಹೊರಡುವಾಗ ಐರಿಷ್ ಸಮುದ್ರದಲ್ಲಿ, ಮುಗಿಸಿದಾಗ ಉತ್ತರ ಸಮುದ್ರದಲ್ಲಿ ಬೂಟು ಅದ್ದುವುದು ಸಂಪ್ರದಾಯ. ನಡುವೆ ಲೇಕ್ ಡಿಸ್ಟ್ರಿಕ್ಟಿನ ಮಳೆ ಅದೇ ಸೇವೆಯನ್ನು ಪುಕ್ಕಟೆಯಾಗಿ ಮುಂದುವರಿಸುತ್ತದೆ.

ಟೆಂಟು ಹೂಡುವುದಕ್ಕೂ ಕಾನೂನಿದೆ. ಸ್ಕಾಟ್ಲೆಂಡಿನಲ್ಲಿ 2003ರ ಭೂಸುಧಾರಣಾ ಕಾಯ್ದೆಯಂತೆ, ಜವಾಬ್ದಾರಿಯಿಂದ ನಡೆದುಕೊಂಡರೆ ಬಹುತೇಕ ಬೆಟ್ಟಬಯಲುಗಳಲ್ಲಿ ರಾತ್ರಿ ತಂಗಬಹುದು. ಇಂಗ್ಲೆಂಡಿನಲ್ಲಿ ಡಾರ್ಟ್‌ಮೂರಿನಂಥ ಜಾಗ ಬಿಟ್ಟರೆ ಸಾಮಾನ್ಯವಾಗಿ ಜಮೀನಿನ ಒಡೆಯರ ಅಪ್ಪಣೆ ಬೇಕು. ಸ್ಕಾಟ್ಲೆಂಡಿನ ಔದಾರ್ಯಕ್ಕೆ ಸುಂಕ ವಸೂಲು ಮಾಡುವುದು ಮಿಡ್ಜ್ ಎಂಬ, ಎಳ್ಳಿಗಿಂತ ಸಣ್ಣ ಹುಳ. ಕಚ್ಚುವುದು ಹೆಣ್ಣು ಮಾತ್ರ. ಆದರೆ ಗಾಳಿ ನಿಂತ ಸಂಜೆ ಅವು ಮೋಡದಂತೆ ಮುತ್ತಿದಾಗ ಗಂಡು ಯಾವುದು, ಹೆಣ್ಣು ಯಾವುದು ಎಂದು ವಿಚಾರಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಜೋರು ಗಾಳಿ ಬೀಸಿದರೆ ಹುಳವಿಲ್ಲ. ಕೆಲವೊಮ್ಮೆ ಟೆಂಟೂ ಇಲ್ಲ.