ದಾದಾ ಅವರಿಗೆ ದುಬಲಗುಂಡಿಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ದಾದಾ ಅವರಿಗೆ,

ತಾವು ಕ್ಷೇಮವಾಗಿದ್ದೀರಿ ಎಂಬುದು ಊರಿಗೆಲ್ಲ ಕೇಳಿಸುತ್ತಲೇ ಇದೆ. ಹುಡುಗಿಯರು ಹುಮನಾಬಾದ್ ಬಸ್ಸಿಗೆ ನಿಲ್ಲುವ ಹೊತ್ತಿಗೆ ಸರಿಯಾಗಿ ಸೈಲೆನ್ಸರ್ ಕಿತ್ತ ಬುಲೆಟ್ಟು ಎರಡು ಸುತ್ತು ಹೊಡೆಯುತ್ತದೆ. ಹೀಗಾಗಿ ಕ್ಷೇಮ ಸಮಾಚಾರ ವಿಚಾರಿಸುವ ಪ್ರಮೇಯವೇ ಬೀಳಲಿಲ್ಲ.

ಹೆಸರು ಬರೆದಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಒಬ್ಬರ ಹೆಸರು ಬರೆದರೆ ಉಳಿದ ದಾದಾಗಳಿಗೆ ಅನ್ಯಾಯವಾಗುತ್ತದೆ. ಬಸ್ಸಿನ ಕಿಟಕಿಯಿಂದ ನಾಲ್ಕು ಸೀಟಿಗೆ ಟವೆಲ್ ಒಗೆದು, ಆರಾಮಾಗಿ ಚಹಾ ಮುಗಿಸಿ ಬರುವವರಿದ್ದಾರೆ. ವರ್ಷಕ್ಕೊಂದು ಸಾಲು ತೊಗರಿಯಷ್ಟು ಪಕ್ಕದವರ ಹೊಲದ ಬದು ಸರಿಸುತ್ತ, ಕೇಳಲು ಬಂದವರಿಗೆ "ಹೋಗು, ಸರ್ವೆ ಮಾಡಿಸ್ಕೊಂಡು ಬಾ" ಎನ್ನುವವರಿದ್ದಾರೆ. ಹೋಟೆಲಿನಲ್ಲಿ ಸೂಸಲಾ, ಮಿರ್ಚಿ ಭಜಿ ತಿಂದು "ಬರಕೋ" ಎಂದು ಎದ್ದು ಹೋಗಿ, ಬರೆದುಕೊಂಡ ವಹಿಯನ್ನು ಮುಂದೆಂದೂ ತೆಗೆಯಗೊಡದವರೂ ಇದ್ದಾರೆ. ಇದರಲ್ಲಿ ನಮ್ಮೂರಿನ ಹೆಚ್ಚುಗಾರಿಕೆ ಏನೂ ಇಲ್ಲ. ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಯಾವ ಊರ ಕಟ್ಟೆಯ ಮೇಲೆ ಈ ಪತ್ರ ಓದಿದರೂ, ಕೇಳಿದವರಿಗೆ ತಮ್ಮ ತಮ್ಮ ಓಣಿಯ ಮುಖವೇ ಕಣ್ಣಿಗೆ ಕಟ್ಟುತ್ತದೆ.

ತಮ್ಮ ಮೇಲೆ ಲೋಕ ಹೊರಿಸಿರುವ ಒಂದು ಅಪವಾದವನ್ನು ಮೊದಲು ತೊಡೆದು ಹಾಕಬೇಕು. "ಹೊರಗ ಅಷ್ಟೇ ಜೋರು ನೋಡಪಾ, ಒಳಗ ಪುಕ್ಕಲ ಇದ್ದಾನ" ಎಂದು ಹಿರಿಯರು ಪೆಟ್ಟು ತಿಂದವನಿಗೆ ಸಮಾಧಾನ ಹೇಳುತ್ತಾರೆ. 1970ರ ದಶಕದಿಂದ ಶಾಲಾ ಹುಡುಗರ ದಾದಾಗಿರಿಯನ್ನೇ ಅಭ್ಯಾಸ ಮಾಡುತ್ತ ಬಂದ ನಾರ್ವೆಯ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಈ ಮಾತನ್ನು ಪರೀಕ್ಷೆಗೆ ಒಡ್ಡಿದರು. ಹೇಳಿಕೊಳ್ಳುವಂಥ ಒಳಗಿನ ಪುಕ್ಕಲುತನ ಸಿಗಲಿಲ್ಲ. ಕಾಡುವ ಹುಡುಗರ ಆತಂಕ ಉಳಿದವರಷ್ಟೇ ಇತ್ತು, ಇಲ್ಲವೇ ಅದಕ್ಕಿಂತ ಕಡಿಮೆ ಇತ್ತು. ಸಿಕ್ಕಿದ್ದು ಬೇರೆ: ಇನ್ನೊಬ್ಬರನ್ನು ಬಗ್ಗಿಸಬೇಕೆಂಬ ಹಪಾಹಪಿ, ಬಗ್ಗಿದಾಗ ಆಗುವ ಖುಷಿ, ಜೊತೆಗೆ ಕಾಸು ಸಿಗರೇಟಿನಂಥ ಸಣ್ಣಪುಟ್ಟ ಲಾಭ. ಹಾಗಾಗಿ ಇನ್ನು ಮುಂದೆ ತಮ್ಮನ್ನು ನೋಡಿ "ಅಯ್ಯೋ ಪಾಪ" ಎನ್ನುವುದನ್ನು ನಾವು ಬಿಟ್ಟಿದ್ದೇವೆ. ತಮ್ಮದು ಕಾಯಿಲೆಯೆಂದು ತಿಳಿದಿದ್ದೆವು. ವ್ಯವಹಾರವೆಂದು ಗೊತ್ತಾಯಿತು. ಅಭಿನಂದನೆಗಳು.

ಈ ವ್ಯವಹಾರದ ಬಂಡವಾಳ ಯಾರದು ಎಂಬುದು ಮಾತ್ರ ನನಗೆ ಬಹಳ ದಿನ ಹೊಳೆದಿರಲಿಲ್ಲ. ಹೊಳೆಯಿಸಿದ್ದು ಒಂದು ತತ್ತಿ. 2021ರ ಡಿಸೆಂಬರಿನಲ್ಲಿ, ಮಕ್ಕಳ ಅಪೌಷ್ಟಿಕತೆ ಈ ಕಡೆ ಹೆಚ್ಚೆಂದು, ನಮ್ಮ ಬೀದರ್ ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟದ ಜೊತೆ ತತ್ತಿ ಕೊಡಲು ಶುರು ಮಾಡಿದರು. ಈ ಭಾಗದ ಒಂದು ಶಾಲೆಯ ಅಂಗಳ. ಏಳನೇ ಇಯತ್ತೆಯ ಹುಡುಗ ಐದನೆಯವನ ತಾಟಿನಿಂದ ತತ್ತಿ ಎತ್ತಿಕೊಂಡ. ಎತ್ತಿದ್ದೇ ಬಾಯಿಗೆ ಹಾಕಿಕೊಳ್ಳಲಿಲ್ಲ. ಮೊದಲು ತನ್ನ ಮೂವರು ಗೆಳೆಯರ ಮುಖ ನೋಡಿದ. ಇಬ್ಬರು ನಕ್ಕರು. ಮೂರನೆಯವನು ಅನ್ನ ಸಾರು ಕಲಸುತ್ತಿದ್ದ, ತಲೆ ಕೂಡ ಎತ್ತಲಿಲ್ಲ. "ಅವನ ತತ್ತಿ ಅವನಿಗಿ ಕೊಡೊ" ಎಂದ. ದನಿಯಲ್ಲಿ ಸಿಟ್ಟಿಲ್ಲ, ಉಪದೇಶವಿಲ್ಲ. ನಕ್ಕವರ ನಗು ಅರ್ಧಕ್ಕೇ ನಿಂತಿತು. "ಮಜಾಕ ಮಾಡ್ಲತ್ತಿದ್ದೆ" ಎಂದ ಏಳನೆಯವನು. ಅರ್ಧ ಸುಲಿದ ತತ್ತಿ, ಅದರ ಮೇಲೆ ಹೆಬ್ಬೆರಳಿನ ಮಸಿ ಗುರುತಿನ ಸಮೇತ, ತಾಟಿಗೆ ವಾಪಸ್ ಬಂತು. ಚಿಕ್ಕವನು ಆ ಗುರುತನ್ನು ಅಂಗಿಗೆ ಒರೆಸಿಕೊಂಡು ತಿಂದ.

ಕೆನಡಾದ ಸಂಶೋಧಕರು ಶಾಲೆಯ ಅಂಗಳದಲ್ಲಿ ಇಂಥವನ್ನೇ ಕ್ಯಾಮರಾದಲ್ಲಿ ಹಿಡಿದು ಎಣಿಸಿ 2001ರಲ್ಲಿ ಪ್ರಕಟಿಸಿದ್ದಾರೆ. ನೂರಕ್ಕೆ 88 ಪ್ರಸಂಗಗಳಲ್ಲಿ ಸುತ್ತ ಬೇರೆ ಮಕ್ಕಳು ನಿಂತಿರುತ್ತಿದ್ದರು. ಅವರಲ್ಲೊಬ್ಬರು ನಡುವೆ ಬಾಯಿ ಹಾಕುತ್ತಿದ್ದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಬಾಯಿ ಹಾಕಿದಾಗ ಅರ್ಧಕ್ಕಿಂತ ಹೆಚ್ಚು ಸಲ ಹತ್ತೇ ಸೆಕೆಂಡಿನಲ್ಲಿ ಆಟ ನಿಲ್ಲುತ್ತಿತ್ತು. ದಾದಾ, ಹತ್ತು ಸೆಕೆಂಡೆಂದರೆ ತಮ್ಮ ಬುಲೆಟ್ಟಿಗೆ ಕಿಕ್ ಹೊಡೆದು ಹೊರಡಲೂ ಸಾಲದು.

ಅಂದರೆ ತಮ್ಮ ಬಲವೆಲ್ಲ ಕೈಗಡ. ಮನಸ್ಸು ನೋಯಿಸಿಕೊಳ್ಳಬೇಡಿ, ತಮ್ಮ ವಂಶದಲ್ಲಿ ಇದು ಮೊದಲಿನಿಂದಲೂ ನಡೆದು ಬಂದದ್ದು. ಇಲ್ಲೇ ಕಲ್ಯಾಣದಲ್ಲಿ, ಹನ್ನೆರಡನೆಯ ಶತಮಾನದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ತಾಯಿ ತಂದೆಯರಿಗೆ ಒಪ್ಪಿಗೆ, ಶರಣರಿಗೆ ಸಂತೋಷ. ಸಂಕಟವಾದದ್ದು ಮೂರನೆಯವರಿಗೆ. ಆದರೆ ಅವರ ಹತ್ತಿರ ಆನೆ ಇರಲಿಲ್ಲ. ದೊರೆ ಬಿಜ್ಜಳನ ಕಿವಿ ಊದಿ ಅರಮನೆಯ ಆನೆಯನ್ನೇ ಕಡ ತಂದರು. ಹರಳಯ್ಯ ಮಧುವರಸರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರು ಎಂದು ಪರಂಪರೆ ಹೇಳುತ್ತದೆ. ಚಾಡಿ ಹೇಳಿದವರ ಹೆಸರಿಗಿಂತ ಜನರಿಗೆ ಆನೆಯೇ ಹೆಚ್ಚು ನೆನಪಿದೆ.

ಅಷ್ಟು ಹಿಂದೆ ಹೋಗುವುದೂ ಬೇಡ. ಲಾತೂರಿನಲ್ಲಿ ವಕೀಲಿ ಮಾಡುತ್ತಿದ್ದ ಕಾಸಿಂ ರಜ್ವಿ ತಮಗೆ ದೂರದವನೇನಲ್ಲ. 1946ರಲ್ಲಿ ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆಯ ಅಧ್ಯಕ್ಷನಾದ. ಆ ಸಂಘಟನೆಯ ಸಶಸ್ತ್ರ ಪಡೆಯಾದ ರಜಾಕಾರರು ಲಕ್ಷಗಟ್ಟಲೆ ತನ್ನ ಹಿಂದಿದ್ದಾರೆಂದ. ಬಂಗಾಳ ಕೊಲ್ಲಿಯ ತೆರೆಗಳು ನಿಜಾಮರ ಪಾದ ತೊಳೆಯಲಿವೆ ಎಂದು ಭಾಷಣ ಮಾಡಿದನೆಂದು ಪತ್ರಿಕೆಗಳಲ್ಲಿ ಬಂತು. ಹೈದರಾಬಾದಿನ ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಹೌದೆನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ದೊರೆಯ ಆ ಮೌನವೇ ಬಂದೂಕಾಯಿತು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾಕ್ಕೆ ರಜಾಕಾರರು ನುಗ್ಗಿ ಸುಮಾರು ಇನ್ನೂರು ಜನರನ್ನು ಕೊಂದರು. ಇಲ್ಲಿ ನನಗೆ ವ್ಯಂಗ್ಯ ಮಾಡಲು ಬಾಯಿ ಬರುವುದಿಲ್ಲ, ಮುಂದೆ ಹೋಗುತ್ತೇನೆ.

ಭಾರತಕ್ಕೆ ಸೇರಲೊಪ್ಪದ ನಿಜಾಮರ ರಾಜ್ಯದೊಳಗೆ ಸೆಪ್ಟೆಂಬರ್ 13ಕ್ಕೆ ಸೋಲಾಪುರದ ಕಡೆಯಿಂದ ಭಾರತದ ಸೈನ್ಯ ಬಂತು. ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದ್: ನಾವು ಈಗ ಹೈದರಾಬಾದಿಗೆ ದವಾಖಾನೆಗೆ ಹೋಗುವ ಅದೇ ರಸ್ತೆ. ಐದು ದಿನದಲ್ಲಿ ಎಲ್ಲ ಮುಗಿಯಿತು. ನಿಜಾಮರಿಗೆ ಮುಂದೆ ರಾಜಪ್ರಮುಖರ ಪದವಿ ಸಿಕ್ಕಿತು. ರಜ್ವಿಗೆ ಸಿಕ್ಕಿದ್ದು ಜೈಲು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ, 1970ರಲ್ಲಿ ಕರಾಚಿಯಲ್ಲಿ ತೀರಿಕೊಂಡ. ಈ ಸಲ ಆನೆ ಕೊಟ್ಟವರು ಅರಮನೆಯಲ್ಲೇ ಉಳಿದರು ದಾದಾ, ಆನೆ ಕಡ ತಂದವನು ಊರು ಬಿಟ್ಟ. ತಮಗೆ ಟಿಕೆಟ್ ಕೊಡಿಸುತ್ತೇನೆ ಎಂದವರನ್ನು ಇದೊಂದು ಕೇಳಿಡಿ.

ಎದುರು ನಿಂತವರು ಹೇಗೆ ನಿಂತರು ಎಂಬ ಕುತೂಹಲ ತಮಗೂ ಇದ್ದೀತು, ವೃತ್ತಿ ದೃಷ್ಟಿಯಿಂದ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ನಿಂತ ರೀತಿ ನನಗೆ ಅತಿ ಪ್ರಿಯ. ನಿಜಾಮರ ರಾಜ್ಯದಲ್ಲಿ ಉರ್ದುವಿಗೇ ಮನ್ನಣೆ. ಪಟ್ಟದ್ದೇವರು ಮಠದ ಶಾಲೆಗೆ ಹೊರಗೆ ಉರ್ದು ಬೋರ್ಡು ಹಾಕಿಸಿದರು, ಒಳಗೆ ಕನ್ನಡ ಕಲಿಸಿದರು. ಬೋರ್ಡು ಓದಿದ ಅಧಿಕಾರಿ ತೃಪ್ತ, ಒಳಗೆ ಅ ಆ ಇ ಈ ತಿದ್ದುವ ಮಕ್ಕಳೂ ತೃಪ್ತರು. ಅವರು ಬದುಕಿದ್ದು 1999ರ ತನಕ, ನೂರು ದಾಟಿ. ತಮ್ಮಂಥವರ ಆಯುಸ್ಸನ್ನು ಅವರ ಆಯುಸ್ಸಿನ ಪಕ್ಕ ಇಟ್ಟು ನೋಡುವ ಚಪಲ ನನಗೆ ಆಗಾಗ ಆಗುತ್ತದೆ.

ಎಲ್ಲರಿಗೂ ಅಷ್ಟು ಅಗ್ಗಕ್ಕೆ ಸಾಗಲಿಲ್ಲ. ಹೈದರಾಬಾದಿನಲ್ಲಿ ಶೋಯಬುಲ್ಲಾ ಖಾನ್ ಎಂಬ ತರುಣ 'ಇಮ್ರೋಜ್' ಎಂಬ ಉರ್ದು ಪತ್ರಿಕೆ ನಡೆಸುತ್ತಿದ್ದ. ಮುಸ್ಲಿಮನಾಗಿದ್ದೂ ರಜಾಕಾರರ ವಿರುದ್ಧ, ಭಾರತಕ್ಕೆ ಸೇರುವುದರ ಪರ ಬರೆದ. 1948ರ ಆಗಸ್ಟಿನ ಒಂದು ರಾತ್ರಿ ಕೊಲೆಯಾದ. ಕೊಂದವರು ಕೈ ಕಡಿದರು. ಸೈನ್ಯ ಬರಲು ಒಂದು ತಿಂಗಳೂ ಉಳಿದಿರಲಿಲ್ಲ. "ಎದುರು ನಿಂತರೆ ದಾದಾ ಓಡುತ್ತಾನೆ" ಎಂದು ಮಕ್ಕಳಿಗೆ ಸಲೀಸಾಗಿ ಹೇಳುವವರು ಈ ಹೆಸರನ್ನು ನುಂಗಿಬಿಡುತ್ತಾರೆ. ಒಬ್ಬನೇ ನಿಂತರೆ ಕೆಲವೊಮ್ಮೆ ಕೈ ಹೋಗುತ್ತದೆ. ತತ್ತಿ ಕೊಡಿಸಿದ ಹುಡುಗ ಬಚಾವಾದದ್ದು ಆತ ಆ ಗುಂಪಿನವನೇ ಆಗಿದ್ದರಿಂದ.

ಈಗ ನಮ್ಮ ಜನ ಕೇಳಬಯಸದ ಭಾಗ. ರಜಾಕಾರರು ಬಿದ್ದ ಮೇಲೆ ಅವರ ಕೈಯ ಲಾಠಿ ನೆಲದ ಮೇಲೆ ಬಹಳ ಹೊತ್ತು ಇರಲಿಲ್ಲ. ಆಮೇಲಿನ ವಾರಗಳಲ್ಲಿ ನಡೆದದ್ದನ್ನು ನೋಡಿ ಬರಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತು. ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರೆಂದು ಆ ತಂಡ ಅಂದಾಜು ಮಾಡಿತು. ಸತ್ತವರಲ್ಲಿ ಹೆಚ್ಚಿನವರು ಮುಸ್ಲಿಮರು, ರಜಾಕಾರರ ಗೊಡವೆಗೇ ಹೋಗದವರು ಎಷ್ಟೋ ಮಂದಿ. ಅತಿ ಹೆಚ್ಚು ನಷ್ಟವಾದ ನಾಲ್ಕು ಜಿಲ್ಲೆಗಳಲ್ಲಿ ಬೀದರ್ ಒಂದು. ವರದಿಯನ್ನು ದಶಕಗಟ್ಟಲೆ ಯಾರಿಗೂ ತೋರಿಸಲಿಲ್ಲ. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜೊತೆಯ ಮುಸ್ಲಿಂ ನೇಕಾರರ ಮುಂದೆ ಅಡ್ಡ ನಿಂತು ಹಿಂದೂ ಗುಂಪುಗಳನ್ನು ತಡೆದರು, ಅದಕ್ಕಾಗಿ ಪ್ರಾಣವನ್ನೂ ಕೊಟ್ಟರು. ಒಂದೇ ಕಸುಬು, ಒಂದೇ ಮಗ್ಗದ ಸದ್ದು. ನನ್ನನ್ನು ಕೇಳಿದರೆ ಈ ಸೀಮೆಯ ಸ್ವಾತಂತ್ರ್ಯದ ಕಥೆಯಲ್ಲಿ ಇವರಷ್ಟು ಗಟ್ಟಿಗರು ಇನ್ನಿಲ್ಲ. ರಜಾಕಾರನ ಎದುರು ನಿಲ್ಲಲು ಧೈರ್ಯ ಬೇಕು ನಿಜ. ಗೆದ್ದ ಸಿಟ್ಟಿನಲ್ಲಿ ಬಂದ ನಮ್ಮವರ ಎದುರು ನಿಲ್ಲಲು ಬೇಕಾಗುವುದು ಬೇರೆಯೇ ಏನೋ.

ಗೋರಟಾದಲ್ಲಿ ಹುತಾತ್ಮರ ಸ್ಮಾರಕವಾಗಿದೆ. 2023ರ ಮಾರ್ಚ್ 26ರಂದು ಕೇಂದ್ರ ಗೃಹ ಸಚಿವರು ಬಂದು 103 ಅಡಿ ಎತ್ತರದ ಕಂಬದಲ್ಲಿ ಧ್ವಜ ಹಾರಿಸಿದರು. ಆಗಬೇಕಾದದ್ದೇ, ಬಹಳ ತಡವಾಗಿ ಆಯಿತು. ಆ ನೇಕಾರರಿಗೆ ಎಲ್ಲಾದರೂ ಒಂದು ಕಲ್ಲು ನೆಟ್ಟದ್ದನ್ನು ನಾನು ಕಂಡಿಲ್ಲ. ತಾವು ಊರಿನ ಎಲ್ಲ ಕಾರ್ಯಕ್ಕೂ ಪಟ್ಟಿ ಎತ್ತುವವರು, ಕೇಳಿದಷ್ಟು ಕೊಡದೆ ಯಾರೂ ಬಿಡಿಸಿಕೊಂಡವರಿಲ್ಲ. ಇದಕ್ಕೂ ಎತ್ತಿರೆಂದು ಕೇಳಬೇಕೆಂದಿದ್ದೆ. ಆಮೇಲೆ ಯೋಚಿಸಿದೆ, ಆ ಕಲ್ಲಿನ ಮೇಲೆ 'ದಾನಿಗಳು' ಎಂದು ತಮ್ಮ ಹೆಸರೇ ಮೊದಲು ಬರುತ್ತದೆ.

ಮುಂದಿನ ಸೆಪ್ಟೆಂಬರ್ 17ಕ್ಕೆ, ನಿಜಾಮರ ಆಳ್ವಿಕೆ ಮುಗಿದ ನೆನಪಿಗೆ ನಡೆಯುವ ಕಲ್ಯಾಣ ಕರ್ನಾಟಕ ಉತ್ಸವದ ವೇದಿಕೆ ಮೇಲೆ ತಾವು ಎಂದಿನಂತೆ ಮೊದಲ ಸಾಲಿನಲ್ಲಿ ಇರುತ್ತೀರಿ. ದಬ್ಬಾಳಿಕೆಯ ವಿರುದ್ಧ ಹೋರಾಡಿದ ವೀರರ ಬಗ್ಗೆ ತಮ್ಮ ಭಾಷಣವೂ ಇರುತ್ತದೆ. ಹುಡುಗರು ಹಿಂದಿನ ಸಾಲಿನಿಂದ ಸೀಟಿ ಹೊಡೆಯುವುದು ರೂಢಿ. ಈ ಸಲ ಹೊಡೆಯುವುದಿಲ್ಲ ಎಂದು ಕೆಲವರು ಮಾತಾಡಿಕೊಂಡಿದ್ದಾರೆ. ಜಗಳ ಇಲ್ಲ, ಘೋಷಣೆ ಇಲ್ಲ, ಸುಮ್ಮನೆ ಕೂರುತ್ತಾರಂತೆ. ಮೈಕು ಕೆಟ್ಟಿದೆ ಎಂದು ತಾವು ತಿಳಿಯಬಾರದಲ್ಲ, ಅದಕ್ಕೇ ಮೊದಲೇ ತಿಳಿಸಿದ್ದೇನೆ.

ಇನ್ನು ಬಸ್ಸಿನ ಸೀಟಿನ ಮೇಲಿದ್ದ ತಮ್ಮ ನಾಲ್ಕು ಟವೆಲ್ಲುಗಳು. ಒಗೆದು, ಮಡಚಿ, ಕಂಡಕ್ಟರರ ಹತ್ತಿರ ಕೊಟ್ಟಿದ್ದೇವೆ. ನಿಂತುಕೊಂಡೇ ಹೋಗಿ ಇಸಿದುಕೊಳ್ಳಬಹುದು.

ಇಂತಿ,
ತಮ್ಮ ಹಳೆಯ ಪ್ರೇಕ್ಷಕರಲ್ಲೊಬ್ಬ,
ದುಬಲಗುಂಡಿ