ಮಂಜು ಹುಡುಕಿ ಹೋದವರು

ನಾವು ಮಡಿಕೇರಿಗೆ ಹೋದಾಗ ಮಂಜು ಕವಿದರೆ "ಏನೂ ಕಾಣ್ಲಿಲ್ಲ, ದುಡ್ಡು ದಂಡ" ಅಂತ ಗೊಣಗುತ್ತೇವೆ. ಫ್ರಾನ್ಸಿನ ಚಿತ್ರಕಾರ ಕ್ಲೋದ್ ಮೋನೆ ಮಾತ್ರ ಮಂಜಿಗಾಗಿಯೇ 1899ರಿಂದ 1901ರೊಳಗೆ ಮೂರು ಸಲ ಲಂಡನ್ನಿಗೆ ಹೋದ! ಸವಾಯ್ ಹೋಟೆಲಿನಲ್ಲಿ ಕೂತು ಥೇಮ್ಸ್ ನದಿಯ ಸೇತುವೆಗಳನ್ನು ಬರೆದ. ಬೆಳಕು ಬದಲಾದಂತೆಲ್ಲ ಒಂದು ಕ್ಯಾನ್ವಾಸ್ ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುವುದು. ಹೀಗೆ ಸುಮಾರು ನೂರಾದವು, ಬಹಳಷ್ಟು ಅರ್ಧಂಬರ್ಧ. ಊರಿಗೆ ಸಾಗಿಸಿ, ವರ್ಷಗಟ್ಟಲೆ ತಿದ್ದಿ, 1904ರಲ್ಲಿ ಪ್ಯಾರಿಸ್ಸಿನಲ್ಲಿ 37 ಚಿತ್ರಗಳನ್ನು ಪ್ರದರ್ಶನಕ್ಕಿಟ್ಟ. ಆ ಲಗೇಜು ಹೊತ್ತ ಪುಣ್ಯಾತ್ಮ ಯಾರೋ!

ನಮ್ಮ ಹಂಪಿಯಲ್ಲಿ ಮಂಜಿನ ಗೋಜಿಲ್ಲ. ಏಪ್ರಿಲ್ ಬಿಸಿಲಿಗೆ ಜಲವರ್ಣ ಕುಂಚದ ತುದಿಯಲ್ಲೇ ಆರಿಹೋಗುತ್ತದೆ. ಬೆರೆಸಿದ ನೀಲಿ ಆಕಾಶಕ್ಕೆ ಮುಟ್ಟುವುದೇ ಇಲ್ಲ. ಅದನ್ನಾದರೂ ಸಹಿಸಬಹುದು, ವಿಠ್ಠಲ ದೇವಾಲಯದ ಕಲ್ಲಿನ ರಥದೆದುರು ಸ್ಕೆಚ್ ಪುಸ್ತಕ ತೆರೆದು ನೋಡಿ, ಬೆನ್ನ ಹಿಂದೆ ವಿಮರ್ಶಕರ ಸಂಘವೇ ಹುಟ್ಟಿಕೊಳ್ಳುತ್ತದೆ.

"ಸರ, ಚಕ್ರ ಸೊಟ್ಟ ಆತು ನೋಡ್ರಿ."

"ಅಂಕಲ್, ನನ್ನೂ ಅದ್ರಾಗ ಸೇರಿಸ್ರಿ."

"ಫೋಟೋ ಹೊಡ್ಕೊಂಡು ಮನ್ಯಾಗ ಆರಾಮ ಕುಂತು ಬರೀಬಾರ್ದೇನ್ರಿ?"

ಮೂರನೆಯವರನ್ನು ತಳ್ಳಿಹಾಕುವಂತಿಲ್ಲ. ಮನೆಗೆ ಹೋಗಿ ಮುಗಿಸುವ ಕೆಲಸವನ್ನು ಮೋನೆಯೇ ಮಾಡಿದ್ದಾನಲ್ಲ. ಆದರೆ ನಾಲ್ಕನೆಯವರ ಮಾತಿಗೆ ಉತ್ತರವೇ ಇಲ್ಲ: "ಇದಕ್ಯಾಕ್ರಿ ಇಷ್ಟು ಬಿಸಿಲು ಕುಡೀತೀರಿ? 50 ರೂಪಾಯಿ ನೋಟಿನ್ಯಾಗ ಐತಲ್ರಿ ಇದೇ ರಥ, ಅದನ್ನ ನೋಡ್ಕೊಂತ ಬರೀರಿ!"

ಅಂದವರೇ ಜೇಬಿನಿಂದ ನೋಟು ತೆಗೆದು ನನ್ನ ಮೂಗಿನ ಮುಂದೆ ಹಿಡಿದೂ ಬಿಟ್ಟರು. ಚಕ್ರವನ್ನು ಒಂದಿಷ್ಟು ನೋಡಿಕೊಳ್ಳೋಣ ಎನ್ನುವಷ್ಟರಲ್ಲಿ ಅವರಿಗೆ ಎಳನೀರಿನ ನೆನಪಾಯಿತು. ನೋಟು ಮಡಚಿಕೊಂಡು ಗೇಟಿನತ್ತ ನಡೆದರು.