ಒಂದು, ಎರಡು, ಎರಡೂವರೆ

ಅರವತ್ತೆರಡು ಮಳೆಗಾಲ ಉಮ್ಮಚಗಿಯ ಕೆಸರು ತುಳಿದವನು ನಾನು. ಇಷ್ಟು ವರ್ಷ ಉಂಬಳಗಳಿಗೆ ಬಿಟ್ಟಿಯಾಗಿ ಕುಡಿಸಿದ ರಕ್ತವನ್ನು ಕೂಡಿಟ್ಟಿದ್ದರೆ ಶಿರಸಿ ಪೇಟೆಯಲ್ಲೊಂದು ರಕ್ತನಿಧಿ ತೆರೆದು ಗಲ್ಲಾಪೆಟ್ಟಿಗೆ ಮುಂದೆ ಕೂರಬಹುದಿತ್ತು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಬೆರಳು ಕೊಯ್ದುಕೊಂಡು, ಗಾಯಕ್ಕೆ ಅರಿಶಿನ ಒತ್ತಿ, ಅದೇ ಕೈಯಲ್ಲಿ ಮತ್ತೆ ಸುಲಿಯಲು ಕೂತವನು. ಇಂಥ ಶೂರನಿಗೆ ಬೆಂಗಳೂರಿನ ಮಗ ಒಂದು ಪೆನ್ನು ಕಳಿಸಿದ. ಬರೆಯುವ ಪೆನ್ನಲ್ಲ, ಚುಚ್ಚುವ ಪೆನ್ನು. ಅದರ ಮುಂದೆ ನನ್ನ ಶೌರ್ಯವೆಲ್ಲ ಆಲೆಮನೆಯ ನೊರೆಯ ಹಾಗೆ ಇಳಿದುಹೋಯಿತು.

ಸಕ್ಕರೆ ಬಂದ ಕತೆ ದೊಡ್ಡದೇನಲ್ಲ. ಶಿರಸಿಯಲ್ಲಿ ಕಣ್ಣು ತೋರಿಸಲು ಹೋದವನು ಸಕ್ಕರೆಯನ್ನೂ ಹೊತ್ತುಕೊಂಡು ಬಂದೆ. ಖಾಲಿ ಹೊಟ್ಟೆಯಲ್ಲಿ 126 ದಾಟಿದರೆ ಸಕ್ಕರೆ ಕಾಯಿಲೆ ಅನ್ನುತ್ತಾರೆ, ನನ್ನದು 171. ಡಾಕ್ಟರು ಮಾತ್ರೆ ಬರೆದರು, ಕವಳ ಬಿಡಿ ಅಂದರು, ಮನೆಯಲ್ಲೇ ಆಗಾಗ ನೋಡಿಕೊಳ್ಳಿ ಅಂದರು. ಮಗನಿಗೆ ಸುದ್ದಿ ಹೋಯಿತು. ನಾಲ್ಕನೇ ದಿನ ಕೊರಿಯರ್ ಬಂತು: ಸಕ್ಕರೆ ಅಳೆಯುವ ಯಂತ್ರ, ರಕ್ತದ ಹನಿ ಹೀರುವ ಪಟ್ಟಿಗಳು, ಜೊತೆಗೆ ಆ ಪೆನ್ನು.

ಮೊದಲ ಪ್ರಶ್ನೆ, ಯಾವ ಬೆರಳು? ಕೈ ಮುಂದೆ ಚಾಚಿಕೊಂಡು ಜಗಲಿಯಲ್ಲಿ ಕೂತೆ. ಹೆಬ್ಬೆರಳು ಬೇಡ. ರೇಶನ್ನಿಗೆ ಅದೇ ಬೇಕು. ಅಡಿಕೆ ಸುಲಿದು ಸುಲಿದು ಗೆರೆ ಸವೆದ ನನ್ನ ಹೆಬ್ಬೆರಳನ್ನು ಅಂಗಡಿಯ ಯಂತ್ರ ನಾಲ್ಕು ಸಲ ಒತ್ತಿದರೂ ಗುರುತಿಸುವುದಿಲ್ಲ. ನಾನು ನಾನಲ್ಲ ಅಂತ ನಮ್ಮೂರಿನಲ್ಲೇ ನಿಂತು ಕೇಳಿಸಿಕೊಳ್ಳಬೇಕು. ಇನ್ನು ಅದಕ್ಕೆ ತೂತು ಬೇರೆ ಹೊಡೆದರೆ ಅಕ್ಕಿಯ ಆಸೆಯನ್ನೇ ಬಿಡಬೇಕು. ತೋರುಬೆರಳು ಎಲೆಗೆ ಸುಣ್ಣ ಹಚ್ಚುವುದು. (ಕವಳ ಬಿಟ್ಟಿದ್ದೇನೆ. ಆದರೂ ಬೆರಳಿಗೆ ಅದರದ್ದೇ ಆದ ಮರ್ಯಾದೆ ಇರುತ್ತದಲ್ಲ.) ಉಂಗುರ ಬೆರಳಿಗೆ ದರ್ಭೆಯ ಪವಿತ್ರ ಹಾಕಬೇಕು. ಕಿರುಬೆರಳಿನಲ್ಲಿ ರಕ್ತ ಅಂತ ಇದ್ದರೂ ಎಷ್ಟಿದ್ದೀತು ಪಾಪ. ಕೊನೆಗೆ ಉಳಿದದ್ದು ಎಡಗೈ ನಡುಬೆರಳು, ಮನೆಯಲ್ಲಿ ಯಾವ ಜವಾಬ್ದಾರಿಯನ್ನೂ ಹೊರದೆ ಎತ್ತರಕ್ಕೆ ಬೆಳೆದು ನಿಂತ ತಮ್ಮನ ಹಾಗೆ.

ಆಗಷ್ಟೇ ಪೂಜೆಗೆ ಹೂವು ಕೊಯ್ದು ಬಂದಿದ್ದೆ. ಹೊರಗೆ ಜಡಿಮಳೆ. ಯಂತ್ರಕ್ಕೆ ಪಟ್ಟಿ ಸಿಕ್ಕಿಸಿದೆ; ಪರದೆಯ ಮೇಲೊಂದು ಹನಿಯ ಚಿತ್ರ ಮಿಟುಕತೊಡಗಿತು, 'ಕೊಡು, ಕೊಡು' ಅಂತ. ಪೆನ್ನಿಗೆ ಒಂದರಿಂದ ಐದರವರೆಗೆ ಆಳದ ಅಂಕಿಗಳಿದ್ದವು. ಒಂದಕ್ಕಿಂತ ಕಡಿಮೆ ಇದೆಯೇ ಅಂತ ತಿರುಗಿಸಿ ನೋಡಿದೆ. ಇರಲಿಲ್ಲ. ಒಂದಕ್ಕೇ ಇಟ್ಟು, ಬೆರಳಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಎಣಿಸಿದೆ: ಒಂದು, ಎರಡು, ಎರಡೂವರೆ. ಎರಡೂವರೆಯ ನಂತರ ಎಂಥ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಮೂರು ಅನ್ನುವುದು ಬಾಯಿಗೆ ಬರಲೊಲ್ಲದು. ಎರಡೂಮುಕ್ಕಾಲು ಅಂದೆ. ಕಣ್ಣು ಬಿಟ್ಟೆ. ಒಂದು ಗುಟುಕು ಕಾಫಿ ಕುಡಿದು ಧೈರ್ಯ ತಂದುಕೊಳ್ಳೋಣ ಅಂದರೆ ಖಾಲಿ ಹೊಟ್ಟೆಯಲ್ಲೇ ನೋಡಬೇಕು. ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ಕಾದು ಕಾದು ಬೇಸತ್ತ ಯಂತ್ರ ತಾನಾಗಿ ಆರಿಹೋಯಿತು.

"ಇನ್ನೂ ಆಜಿಲ್ಯಾ?" ಒಳಗಿನಿಂದ ಹೆಂಡತಿ ಕೇಳಿದಳು.

"ಆತು, ಆತು," ಅಂದೆ. ಪಟ್ಟಿ ಕಿತ್ತು ಮತ್ತೆ ಸಿಕ್ಕಿಸಿದೆ. ಹನಿ ಮಿಟುಕಿತು. ಈ ಸಲ ಇಷ್ಟದೇವರು, ಕುಲದೇವರು, ಗ್ರಾಮದೇವರು ಮೂವರನ್ನೂ ನೆನೆದು ಗುಂಡಿ ಒತ್ತಿಯೇಬಿಟ್ಟೆ. ಟಪ್! ಜೀವ ಬಾಯಿಗೆ ಬಂತು. ನಿಧಾನ ಒಂದು ಕಣ್ಣು ಬಿಟ್ಟು ನೋಡಿದರೆ ಬೆರಳ ತುದಿಯಲ್ಲಿ ಸಣ್ಣದೊಂದು ಬಿಳಿ ಚುಕ್ಕೆ. ರಕ್ತ ಇಲ್ಲ. ಐವತ್ತು ವರ್ಷ ಅಡಿಕೆಯ ಚೊಗರು ಕುಡಿದು ಹಾಳೆಯ ಹಾಗಾದ ಚರ್ಮ. ಒಂದನೇ ನಂಬರಿನ ಸೂಜಿ ಬಂದು ಬಾಗಿಲು ತಟ್ಟಿ ವಾಪಸು ಹೋಗಿತ್ತು. ಬೆರಳನ್ನು ಹಿಂಡಿದೆ. ಎಮ್ಮೆಯ ಮೊಲೆ ನೀವುವ ಹಾಗೆ ಮೇಲಿನಿಂದ ಕೆಳಗೆ ನೀವಿದೆ. ಆ ಎಮ್ಮೆ ಸೊರೆ ಬಿಡಲಿಲ್ಲ.

ಆಗ ಕಂಡಿತು, ನೆಲದ ಮೇಲೆ ರಕ್ತ. ಒಂದಲ್ಲ, ಆರೇಳು ಹನಿ. ನಾನು ಕಾಲಿಟ್ಟಲ್ಲೆಲ್ಲ ಕೆಂಪು. ಚುಚ್ಚಿದ ಬೆರಳಿನಿಂದಲೇ ನನಗೆ ತಿಳಿಯದ ಹಾಗೆ ಧಾರೆ ಹರಿದುಹೋಗಿದೆ, ಬೆರಳಲ್ಲಿ ಈಗ ಏನೂ ಉಳಿದಿಲ್ಲ, ಅದಕ್ಕೇ ಬಿಳಿಚಿಕೊಂಡಿದೆ ಅಂತ ತಲೆ ಲೆಕ್ಕ ಹಾಕಿತು. ಕಿವಿಯಲ್ಲಿ ಜೀರುಂಡೆ ಕೂಗತೊಡಗಿತು. ಕಂಬಕ್ಕೆ ಒರಗಿ "ಏ ಇವಳೇ" ಅಂದೆನಂತೆ, ಅದೂ ಯಕ್ಷಗಾನದಲ್ಲಿ ಬಾಣ ತಾಗಿದ ಕರ್ಣನ ದನಿಯಲ್ಲಿ.

ಅವಳು ಸೌಟು ಹಿಡಿದೇ ಬಂದಳು. ನನ್ನನ್ನು ನೋಡಿದಳು, ನೆಲ ನೋಡಿದಳು, ನನ್ನ ಕಾಲು ನೋಡಿದಳು.

"ಅದು ಉಂಬಳ," ಅಂದಳು.

ಹೌದು. ಎಡಗಾಲಿನ ಹರಡಿನ ಮೇಲೆ, ಕುಡಿದು ಕುಡಿದು ನೇರಳೆ ಹಣ್ಣಿನಷ್ಟು ಊದಿದ ಒಂದು, ಆಗಷ್ಟೇ ಊಟ ಮುಗಿಸಿ ಉದುರಿದ ಇನ್ನೊಂದರ ಗುರುತು. ಹೂವು ಕೊಯ್ಯುವಾಗ ಹತ್ತಿದ್ದು. ಒಂದನ್ನೂ ನಾನು ಎಣಿಸಿರಲಿಲ್ಲ, ಎರಡೂವರೆ ಅಂದಿರಲಿಲ್ಲ. ಅವು ಕೇಳಲಿಲ್ಲ, ನಾನು ಕೊಟ್ಟೆ. ಉಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಮದ್ದೇ ಇದೆ. ಅದು ಬಿಟ್ಟುಹೋದ ಮೇಲೂ ಗಾಯ ಸುರಿಯುತ್ತಲೇ ಇರುತ್ತದೆ. ಮೇಲೆ ನೋಡಿದರೆ ಬರಗಾಲ, ಕೆಳಗೆ ನೋಡಿದರೆ ನೆರೆ. ಯಂತ್ರದಲ್ಲಿ ಹನಿ ಇನ್ನೂ ಮಿಟುಕುತ್ತಿತ್ತು, 'ಕೊಡು, ಕೊಡು'.

ನಾನು ಬಗ್ಗಿದೆ. ಪಟ್ಟಿಯ ತುದಿಯನ್ನು ಕಾಲಿಗೆ ಮುಟ್ಟಿಸಿದೆ.

ಅದು ಸರ್‍ರಂತ ಹೀರಿಕೊಂಡಿತು. ಐದು, ನಾಲ್ಕು, ಮೂರು, ಎರಡು, ಒಂದು. (ಯಂತ್ರಕ್ಕೆ ಎಣಿಸುವಾಗ ಎಲ್ಲೂ ತಡೆಯಲಿಲ್ಲ.) 143. ಮಗನಿಗೆ ಫೋಟೋ ಕಳಿಸಿದೆ. ಅವನು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ. ಹೀಗೆ ಮೂರು ದಿನ ನಡೆಯಿತು. ಬೆಳಿಗ್ಗೆ ಹೂವಿನ ಗಿಡದ ಬುಡದಲ್ಲಿ ಬೇಕಂತಲೇ ಎರಡು ನಿಮಿಷ ಹೆಚ್ಚು ನಿಲ್ಲುತ್ತಿದ್ದೆ.

ನಮ್ಮೂರಲ್ಲಿ ಸಂಸ್ಕೃತ ಪಾಠಶಾಲೆ ಇರುವುದರಿಂದ ಯಾವ ಮೂರ್ಖತನಕ್ಕೂ ಶಾಸ್ತ್ರಾಧಾರ ಸಿಗದೆ ಹೋಗುವುದಿಲ್ಲ. ಸಂಸ್ಕೃತ ಓದಿದ ಗೆಳೆಯನೊಬ್ಬನ ಹತ್ತಿರ ಗುಟ್ಟು ಹೇಳಿದಾಗ ಅವನು ನಗಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಜಿಗಣೆಗೇ ಒಂದು ಅಧ್ಯಾಯವಿದೆಯಂತೆ. ಹನ್ನೆರಡು ಜಾತಿ, ಆರು ವಿಷದವು, ಆರು ನಿರ್ವಿಷ. ರಕ್ತ ತೆಗೆಯಲು ಅದು ತೀರ ಮೃದುವಾದ ಉಪಾಯ, ಹಾಗಾಗಿ ರಾಜರಿಗೆ, ಮಕ್ಕಳಿಗೆ, ಮುದುಕರಿಗೆ, ಹೆಂಗಸರಿಗೆ, ಸುಕುಮಾರರಿಗೆ, ಹೆದರುಪುಕ್ಕಲರಿಗೆ ಹೇಳಿದ್ದು ಅಂದ. ಕೊನೆಯದನ್ನು ಹೇಳುವಾಗ ನನ್ನ ಮುಖವನ್ನೇ ನೋಡಿದ.

ಡಾಕ್ಟರು ಮಾತ್ರ ಕೇಳಿದವರೇ ಪೆನ್ನು ಕೆಳಗಿಟ್ಟರು. "ಈ 143 ಖಾಲಿ ಹೊಟ್ಟೆಯದ್ದೋ, ಊಟದ ನಂತರದ್ದೋ?" ಅಂದರು. ಖಾಲಿ ಹೊಟ್ಟೆಯದ್ದು ಅಂದೆ. "ನಿಮ್ಮದಲ್ಲ, ಉಂಬಳದ್ದು ಕೇಳಿದೆ." ಆಮೇಲೆ ತಾಳ್ಮೆಯಿಂದ ಹೇಳಿಕೊಟ್ಟರು. ಯಂತ್ರವನ್ನು ಮಾಡಿದ್ದು ಬೆರಳಿನ ಹನಿಗೆ, ಕಾಲಿನ ಎಂಜಲು ರಕ್ತಕ್ಕಲ್ಲ. ಕೈಯನ್ನು ಬಿಸಿನೀರಲ್ಲಿ ತೊಳೆದು ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಕೆಳಗೆ ಇಳಿಬಿಡಬೇಕು. ಬೆರಳಿನ ನಡುಮೆತ್ತೆಗೆ ಚುಚ್ಚಬಾರದು, ನರದ ತುದಿಗಳೆಲ್ಲ ಅಲ್ಲೇ ಸಂತೆ ನೆರೆದಿರುತ್ತವೆ. ಬದಿಗೆ ಚುಚ್ಚಿದರೆ ನೋವು ಕಡಿಮೆ. ದಿನಾ ಬೆರಳು ಬದಲಿಸಬೇಕು. ಹಿಂಡಬಾರದು. ಸೂಜಿ ಪ್ರತಿಸಲ ಹೊಸತು. ನನ್ನಂಥ ಚರ್ಮಕ್ಕೆ ನಾಲ್ಕನೇ ನಂಬರು. 1970ರ ಸುಮಾರಿಗೆ ಅಮೆರಿಕದ ಏಮ್ಸ್ ಕಂಪನಿಯ ಮೊದಲ ಯಂತ್ರ ಬಂದಾಗ ಅದೇ ಒಂದು ಕಿಲೋಗಿಂತ ಭಾರವಿತ್ತಂತೆ, ದೊಡ್ಡ ಹನಿಯೇ ಬೇಕಿತ್ತಂತೆ. ಈಗ ಸಾಸಿವೆಯಷ್ಟೂ ಬೇಡ, ಅದಕ್ಕೂ ಇಷ್ಟು ಯಜ್ಞವೇ ಅಂದರು.

ಕೈ ತೊಳೆಯುವ ಮಾತು ನನಗೆ ಅರ್ಥವಾದದ್ದು ಆಲೆಮನೆಯಲ್ಲಿ. ಕಬ್ಬಿನ ಹಾಲು ಮುಟ್ಟದೆ, ಬಿಸಿ ಜೋನಿಬೆಲ್ಲ ನೆಕ್ಕದೆ, ಬರೀ ಡಬ್ಬಿ ಹಿಡಿದು ಸಹಾಯ ಮಾಡಿ ಬಂದು ಚುಚ್ಚಿಕೊಂಡೆ. 388! ಅಳು ಬಂತು. ಸಾಬೂನು ಹಚ್ಚಿ ತೊಳೆದು ಇನ್ನೊಂದು ಬೆರಳಿಗೆ ಚುಚ್ಚಿದರೆ 152. ಉಳಿದ ಸಿಹಿಯೆಲ್ಲ ಚರ್ಮದ ಮೇಲಿನದ್ದು. ಇಲ್ಲಿ ನನಗೆ ಸಿಟ್ಟು ಬರುವುದು ಯಂತ್ರದ ಮೇಲಲ್ಲ. "ಸಕ್ಕರೆ ಮಾತ್ರ ಬೇಡ, ಬೆಲ್ಲ ಅಡ್ಡಿಲ್ಲೆ, ಅದು ನಮ್ಮ ಗದ್ದೆದು" ಅಂತ ದೋಸೆಯ ಮೇಲೆ ಸುರಿದೇಬಿಡುವ ನೆಂಟರ ಮೇಲೆ. ರಕ್ತಕ್ಕೆ ಕಬ್ಬು ಯಾರ ಗದ್ದೆಯದ್ದು ಅಂತ ಗೊತ್ತಾಗುವುದಿಲ್ಲ ಮಾರಾಯರೇ. ಒಬ್ಬರು ಹಾಗಲಕಾಯಿ, ಒಬ್ಬರು ನೇರಳೆ ಬೀಜ, ಒಬ್ಬರು ಅಮೃತಬಳ್ಳಿ. ಮಾತ್ರೆ ಬಿಡು ಅನ್ನುವವರು ಬೇರೆ. ಹಾಗೆ ಹೇಳಿದವರ ಮಾತು ಕೇಳಿದವರನ್ನು ನಾನು ನೋಡಿದ್ದೇನೆ.

ಅಪ್ಪಯ್ಯ. ಅವನ ಕಾಲಕ್ಕೆ ಬೆರಳಿನ ಗೋಳಿರಲಿಲ್ಲ. ಹಿತ್ತಿಲ ಕಟ್ಟೆಯ ಮೇಲೆ ಸ್ಪಿರಿಟ್ ದೀಪ, ಗಾಜಿನ ಕೊಳವೆ, ನೀಲಿ ಬೆನೆಡಿಕ್ಟ್ ದ್ರಾವಣದ ಬಾಟಲಿ. 5 ಎಮ್ಮೆಲ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಕುದಿಸಬೇಕು. ಹನಿ ಎಣಿಸುವುದು ನನ್ನ ಕೆಲಸ. ನೀಲಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ. ಹಸಿರು ಬಂದರೆ ಅಪ್ಪಯ್ಯ "ಸಸಿ ನೆಟ್ಟಿ ಆತು" ಅನ್ನುತ್ತಿದ್ದ, ನಾವು ನಗುತ್ತಿದ್ದೆವು. ರಕ್ತದಲ್ಲಿ 180 ದಾಟಿದ ಮೇಲಷ್ಟೇ ಸಕ್ಕರೆ ಮೂತ್ರಕ್ಕೆ ಇಳಿಯುತ್ತದೆ, ನೀಲಿ ಇದ್ದ ದಿನವೂ ಒಳಗೆ ಕೆಲಸ ನಡೆದೇ ಇರಬಹುದು ಅಂತ ನಮಗೆ ಗೊತ್ತಿರಲಿಲ್ಲ.

ಒಂದು ಆಷಾಢದಲ್ಲಿ ಅವನ ಪಾದಕ್ಕೆ ಬಿದಿರಿನ ಮುಳ್ಳು ಹೊಕ್ಕಿತು. ಐದಾರು ದಿನ ಅದನ್ನು ಹೊತ್ತುಕೊಂಡೇ ತೋಟ ತಿರುಗಿದ. ನೋವೇ ಇರಲಿಲ್ಲ ಅವನಿಗೆ. ಅಮ್ಮನಿಗೆ ವಾಸನೆ ಬಂದ ಮೇಲೆ ಗೊತ್ತಾಯಿತು. ಹುಬ್ಬಳ್ಳಿಯಲ್ಲಿ ಮೊದಲು ಒಂದು ಬೆರಳು ತೆಗೆದರು, ಮುಂದಿನ ತಿಂಗಳು ಪಾದ. ಮನೆಗೆ ಬಂದ ದಿನ ಅವನು ಜಗಲಿಯ ಕೆಳಗಿದ್ದ ಎರಡು ಚಪ್ಪಲಿಗಳಲ್ಲಿ ಬಲಗಾಲಿನದ್ದನ್ನು ಎತ್ತಿ, ಕೆಸರು ಒರೆಸಿ, ಕೊಟ್ಟಿಗೆಯ ಮಾಡಿಗೆ ಸಿಕ್ಕಿಸಿದ. ಅದು ಬಹಳ ವರ್ಷ ಅಲ್ಲೇ ಇತ್ತು.

ಹೋದ ಸಲ ಶಿರಸಿಯ ಡಾಕ್ಟರು ಕಣ್ಣು ಮುಚ್ಚಿಸಿ, ನೈಲಾನ್ ದಾರದಂಥದ್ದೊಂದನ್ನು ನನ್ನ ಅಂಗಾಲಿಗೆ ಹತ್ತು ಕಡೆ ಒತ್ತಿ "ತಾಗಿತಾ?" ಅಂತ ಕೇಳಿದರು. ಹತ್ತೂ ಕಡೆ ತಾಗಿತು. ಬಸ್ಸಿನಲ್ಲಿ ಬರುವಾಗ ಹೆಂಡತಿಗೆ ಅಷ್ಟೇ ಹೇಳಿದೆ. ಅವಳು ಕಿಟಕಿ ಕಡೆ ತಿರುಗಿಕೊಂಡಳು.

ಇವತ್ತು ಬೆಳಿಗ್ಗೆ ಬಲಗೈ ಉಂಗುರ ಬೆರಳಿನ ಸರದಿ. ಬಿಸಿನೀರು, ಟವೆಲ್ಲು, ನಾಲ್ಕನೇ ನಂಬರು, ಬೆರಳಿನ ಬದಿ. ಒಂದು, ಎರಡು, ಎರಡೂವರೆ... ಟಪ್. "ಅಯ್ಯಯ್ಯೋ!" ಅಂದೆ, ಬೀದಿಗೆ ಕೇಳುವ ಹಾಗೆ.

ಒಳಗಿನಿಂದ ಹೆಂಡತಿ, "ನೋವಾತಾ?"

"ಆತು!"

"ಅಡ್ಡಿಲ್ಲೆ," ಅಂದಳು. ಕಾವಲಿಯ ಮೇಲೆ ದೋಸೆ ಚುಂಯ್ ಅಂದದ್ದು ಕೇಳಿಸಿತು.